ರಜೆಗೆ ಹೊರಡುವ ಮುನ್ನ: ಗಡಿನಾಡಿನ ಮನೆ, ರಸ್ತೆ, ನೀರಿನ ಎಚ್ಚರ

ಅರ್ಧವಾರ್ಷಿಕ ಪರೀಕ್ಷೆ ಮುಗಿದು ಕ್ರಿಸ್ಮಸ್ ರಜೆ ಶುರುವಾದರೆ ಮಂಗಲ್ಪಾಡಿಯ ಮನೆಗಳಲ್ಲಿ ಎರಡು ಬಗೆಯ ಗಡಿಬಿಡಿ. ಕೆಲವರು ಬಾಗಿಲಿಗೆ ಬೀಗ ಹಾಕಿ ಮಡಿಕೇರಿ, ಚಿಕ್ಕಮಗಳೂರು, ಮೈಸೂರು ಎಂದು ಹೊರಡುತ್ತಾರೆ. ಇನ್ನು ಕೆಲವು ಮನೆಗಳಿಗೆ ಗಲ್ಫಿನಿಂದ, ಬೆಂಗಳೂರು, ಮುಂಬಯಿಯಿಂದ ಮಕ್ಕಳು ಮೊಮ್ಮಕ್ಕಳು ಬಂದು ತುಂಬುತ್ತಾರೆ. ಇದೇ ಹೊತ್ತಿಗೆ ಶಬರಿಮಲೆ ಯಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ, ಜಾತ್ರೆ, ಕಳಿಯಾಟ, ನೇಮ, ಉರೂಸು, ಮದುವೆ. ವರ್ಷದ ಸಂತೋಷವೆಲ್ಲ ಒಂದೂವರೆ ತಿಂಗಳಲ್ಲಿ ಬಂದು ಸೇರುವ ಕಾಲ ಇದು. ರಾತ್ರಿ ಪ್ರಯಾಣ, ಬೀಗ ಹಾಕಿದ ಮನೆ, ಹೊಳೆಗಿಳಿಯುವ ಮಕ್ಕಳು, ಒಣಗಿದ ಹುಲ್ಲು ಎಲ್ಲವೂ ಒಟ್ಟಿಗೆ ಸೇರುವ ಕಾಲವೂ ಹೌದು.

ಚಳಿಗಾಲದ ಸುರಕ್ಷತೆ ಎಂದು ಮೊಬೈಲಿನಲ್ಲಿ ಹರಿದಾಡುವ ಸೂಚನೆಗಳು ಬಹುಪಾಲು ಹಿಮ ಬೀಳುವ ಊರುಗಳಿಗೆ ಬರೆದಂಥವು. ನಮ್ಮ ಕರಾವಳಿಯಲ್ಲಿ ಹಿಮವಿಲ್ಲ, ಮುಂಜಾನೆಯ ಸಣ್ಣ ಚಳಿ ಅಷ್ಟೆ. ಆದರೆ ನಮಗೆ ಬೇರೆ ಊರಿನವರಿಗಿಲ್ಲದ ಒಂದು ಸಂಗತಿ ಇದೆ, ಗಡಿ. ಮನೆ ಒಂದು ರಾಜ್ಯದಲ್ಲಿ, ದೊಡ್ಡ ಆಸ್ಪತ್ರೆ ಇನ್ನೊಂದು ರಾಜ್ಯದಲ್ಲಿ, ಮಾತು ಒಂದು ಭಾಷೆ, ಎಚ್ಚರಿಕೆಯ ಸಂದೇಶ ಹೆಚ್ಚಾಗಿ ಇನ್ನೊಂದು ಭಾಷೆ. ಆದ್ದರಿಂದ ಮಂಗಲ್ಪಾಡಿಯನ್ನು ಮುಂದಿಟ್ಟುಕೊಂಡು, ತಲಪಾಡಿಯಿಂದ ಮುಳ್ಳೇರಿಯದವರೆಗಿನ, ಆಚೆ ವಿಟ್ಲ, ಅಡ್ಯನಡ್ಕದವರೆಗಿನ ಸದಸ್ಯರಿಗೆಲ್ಲ ಉಪಯೋಗವಾಗುವಂತೆ ಈ ವಿವರಗಳನ್ನು ಒಟ್ಟುಮಾಡಿದ್ದೇವೆ.

ಮೊದಲು ಫೋನು: ಯಾವ ಕೈಕಂಬ?

ತುರ್ತು ಹೊತ್ತಿನಲ್ಲಿ 112ಕ್ಕೆ ಫೋನು ಮಾಡಬೇಕೆಂಬುದು ಈಗ ಹೆಚ್ಚಿನವರಿಗೆ ಗೊತ್ತು. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ಸಂಖ್ಯೆ ಸಾಕು. ಆಂಬುಲೆನ್ಸಿಗೆ ಪ್ರತ್ಯೇಕವಾಗಿ 108 ಇದೆ. ಈ 108 ಕೇರಳದಲ್ಲೂ ಇದೆ, ಕರ್ನಾಟಕದಲ್ಲೂ ಇದೆ, ಆದರೆ ಎರಡರ ನಿಯಂತ್ರಣ ಕೊಠಡಿ ಬೇರೆ ಬೇರೆ. ಗಡಿಯ ಸಮೀಪ ಮೊಬೈಲು ಕೆಲವೊಮ್ಮೆ ಆಚೆ ರಾಜ್ಯದ ಟವರನ್ನು ಹಿಡಿಯುತ್ತದೆ. ಆಗ ನಮ್ಮ ಕರೆ ಆಚೆ ರಾಜ್ಯದ ಕೊಠಡಿಗೆ ಹೋಗುವ ಸಾಧ್ಯತೆ ಇದೆ.

ಇಂಥ ಕರೆಯಲ್ಲಿ ನಾವು ಗಾಬರಿಯಿಂದ "ಕೈಕಂಬದಲ್ಲಿ ಅಪಘಾತ" ಎಂದಷ್ಟೇ ಹೇಳಿದರೆ ಏನಾಗುತ್ತದೆ? ಉಪ್ಪಳದ ಹತ್ತಿರ ಒಂದು ಕೈಕಂಬ ಇದೆ. ಗುರುಪುರದ ಹತ್ತಿರ ಒಂದು ಇದೆ, ಬಿ.ಸಿ. ರೋಡಿನ ಬಳಿ ಮತ್ತೊಂದು ಇದೆ. ಆದ್ದರಿಂದ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಊರು, ಗುರುತು ಈ ಕ್ರಮದಲ್ಲಿ ಹೇಳಿ: "ಕೇರಳ, ಕಾಸರಗೋಡು ಜಿಲ್ಲೆ, ಉಪ್ಪಳ ಕೈಕಂಬ, ಹೆದ್ದಾರಿಯ ಪಕ್ಕ." ಮತ್ತೆ ಏನಾಗಿದೆ, ಎಷ್ಟು ಮಂದಿಗೆ ಏಟಾಗಿದೆ ಎಂದು ಹೇಳಿ. ಅವರು ಇಡುವವರೆಗೆ ನೀವು ಫೋನು ಇಡಬೇಡಿ.

ಮನೆಯ ಹಿರಿಯರಿಗೆ ಈ ವಾಕ್ಯವನ್ನು ಕನ್ನಡದಲ್ಲೂ ಮಲಯಾಳವನ್ನು ಕನ್ನಡ ಲಿಪಿಯಲ್ಲೂ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಡುವುದು ಒಳ್ಳೆಯದು. ಹೆದರಿಕೆಯ ಹೊತ್ತಿನಲ್ಲಿ ಓದಿ ಹೇಳುವುದು ಸುಲಭ, ನೆನಪಿಸಿಕೊಂಡು ಹೇಳುವುದು ಕಷ್ಟ.

ಬೀಗ ಹಾಕಿದ ಮನೆ

ಮನೆ ಖಾಲಿ ಇದೆ ಎಂಬುದನ್ನು ಕಳ್ಳರಿಗೆ ತಿಳಿಸುವುದು ಹೆಚ್ಚಾಗಿ ಮನೆಯೇ. ಗೇಟಿನ ಬಳಿ ಮೂರು ದಿನದ ಪತ್ರಿಕೆ, ಅಂಗಳದಲ್ಲಿ ಗುಡಿಸದ ಎಲೆ, ಹಗಲಿಡೀ ಉರಿಯುವ ಹೊರಗಿನ ದೀಪ, ಹೊರಗಿನಿಂದ ಹಾಕಿದ ದೊಡ್ಡ ಬೀಗ. ಈಗ ಇವುಗಳ ಜೊತೆಗೆ ವಾಟ್ಸಾಪ್ ಸ್ಟೇಟಸ್ ಸೇರಿದೆ. ಮಡಿಕೇರಿಯ ರಾಜಾಸೀಟಿನ ಫೋಟೋವನ್ನು ಮರಳಿ ಬಂದ ಮೇಲೂ ಹಾಕಬಹುದು.

ಕೇರಳ ಪೊಲೀಸರ ಪೋಲ್ ಆ್ಯಪಿನಲ್ಲಿ ಬೀಗ ಹಾಕಿದ ಮನೆಯ ಮಾಹಿತಿ ಕೊಡುವ ಸೌಲಭ್ಯ ಇದೆ. ಎಷ್ಟು ದಿನ ಮನೆಯಲ್ಲಿರುವುದಿಲ್ಲ, ಮನೆ ಎಲ್ಲಿದೆ, ಹತ್ತಿರದ ನೆಂಟರ ಅಥವಾ ನೆರೆಯವರ ಫೋನು ಯಾವುದು ಎಂಬುದನ್ನು ಮುಂಚಿತವಾಗಿ ತುಂಬಿಸಿದರೆ ಆ ದಿನಗಳಲ್ಲಿ ಪೊಲೀಸರು ಮನೆಯ ಕಡೆ ಗಮನ ಇಡುತ್ತಾರೆ. ಗರಿಷ್ಠ 14 ದಿನಗಳವರೆಗೆ ಈ ಸೌಲಭ್ಯ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ನೆನಪಾದರೆ ಪ್ರಯೋಜನ ಕಡಿಮೆ, ಎರಡು ಮೂರು ದಿನ ಮೊದಲೇ ಮಾಡಿಡಿ. ಆ್ಯಪ್ ಬಳಸಲು ತಿಳಿಯದ ಹಿರಿಯರಿದ್ದರೆ ನೆರೆಮನೆಯ ಕಾಲೇಜು ಮಕ್ಕಳು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ಪೊಲೀಸರಿಗಿಂತ ಮೊದಲು ನೆರೆಮನೆ. ಪತ್ರಿಕೆ ಎತ್ತಿಡುವುದಕ್ಕೆ, ಸಂಜೆ ಒಂದು ದೀಪ ಹಾಕುವುದಕ್ಕೆ, ನಾಯಿಗೆ ಅನ್ನ ಹಾಕುವುದಕ್ಕೆ ಒಬ್ಬರು ಇದ್ದರೆ ಮನೆ ಖಾಲಿ ಇದ್ದಂತೆ ಕಾಣುವುದಿಲ್ಲ. ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಡಿ. ಹಾರೆ, ಪಿಕ್ಕಾಸು, ಏಣಿಗಳನ್ನು ಅಂಗಳದಲ್ಲಿ ಬಿಡಬೇಡಿ. ಹಿಂಬಾಗಿಲು ಒಡೆಯಲು ಬಳಕೆಯಾಗುವುದು ಹೆಚ್ಚಾಗಿ ನಮ್ಮದೇ ಹತ್ಯಾರು.

ನಿಲ್ಲಿಸಿದ ವಾಹನವೂ ಬೀಗ ಹಾಕಿದ ಮನೆಯ ಹಾಗೆಯೇ. 2024ರ ಮಾರ್ಚ್ 27ರಂದು ಉಪ್ಪಳ ಪೇಟೆಯಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬಿಸಲು ಬಂದ ವಾಹನದ ಗಾಜು ಒಡೆದು 50 ಲಕ್ಷ ರೂಪಾಯಿ ಕದ್ದದ್ದು ಎಲ್ಲರಿಗೂ ನೆನಪಿದೆ. ಅಂಥ ವಾಹನದ ಗತಿಯೇ ಹೀಗಾದರೆ ಜಾತ್ರೆಯ ಗದ್ದೆಯಲ್ಲಿ ನಿಲ್ಲಿಸಿದ ಕಾರಿನ ಸೀಟಿನ ಮೇಲೆ ಬಿಟ್ಟ ಕೈಚೀಲದ ಮಾತೇನು?

ಬೆಂಕಿ, ಗ್ಯಾಸು, ಕರೆಂಟು

ಹೊರಡುವಾಗ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಒಲೆಯ ಗುಂಡಿಯನ್ನು ಮಾತ್ರ ತಿರುಗಿಸಿದರೆ ಸಾಲದು, ಏಕೆಂದರೆ ರಬ್ಬರ್ ಪೈಪಿನಲ್ಲಿ ಬಿರುಕಿದ್ದರೆ ಸೋರುವುದು ಅಲ್ಲಿಂದಲೇ. ಈ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಮರಳಿ ಬಂದು ಬಾಗಿಲು ತೆರೆದಾಗ ವಾಸನೆ ಬಂದರೆ ಲೈಟಿನ ಸ್ವಿಚ್ಚು ಹಾಕಲೂ ಬೇಡಿ, ಹಾಕಿದ್ದನ್ನು ತೆಗೆಯಲೂ ಬೇಡಿ. ಸ್ವಿಚ್ಚಿನೊಳಗಿನ ಸಣ್ಣ ಕಿಡಿ ಸಾಕು. ಬಾಗಿಲು ಕಿಟಕಿ ತೆರೆದು ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನು ಮಾಡಿ. ಬೆಂಕಿ ಹತ್ತಿಕೊಂಡಿದ್ದರೆ 101. ಅಗ್ನಿಶಾಮಕ ಠಾಣೆ ಉಪ್ಪಳದಲ್ಲೇ ಇದೆ.

ನಕ್ಷತ್ರದ ದೀಪ, ಬಣ್ಣದ ಮಾಲೆ, ಮದುವೆ ಮನೆಯ ಚಪ್ಪರದ ಬೆಳಕು ಎಲ್ಲಕ್ಕೂ ಒಂದೇ ಪ್ಲಗ್ಗಿನಿಂದ ವಯರು ಎಳೆಯುವ ಅಭ್ಯಾಸ ಬೇಡ. ಮುಖ್ಯ ಸ್ವಿಚ್ಚಿನ ಬಳಿ ಇರುವ ಇಎಲ್‌ಸಿಬಿಯಲ್ಲಿ ಪರೀಕ್ಷೆಯ ಗುಂಡಿ ಒಂದಿದೆ. ಅದನ್ನು ಒತ್ತಿದ ಕೂಡಲೇ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ ಎಂದರ್ಥ, ಮನೆಯವರು ಕರೆಂಟು ಹಿಡಿದರೂ ಅದು ಬೀಳುವುದಿಲ್ಲ. ನೆಂಟರು ಬರುವ ಮುನ್ನ ಒಮ್ಮೆ ಒತ್ತಿ ನೋಡಿ. ವಿದ್ಯುತ್ ಇಲಾಖೆಯ ದೂರು ಸಂಖ್ಯೆ 1912.

ಘಟ್ಟದ ಮೇಲೆ ಹೋಂಸ್ಟೇಯಲ್ಲಿ ಉಳಿಯುವವರಿಗೆ ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಚಳಿ ಕಾಯಿಸಲು ಇದ್ದಿಲಿನ ಕೆಂಡ ಇಟ್ಟು ಮಲಗುವುದು, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಹೆಚ್ಚು ಹೊತ್ತು ಮೀಯುವುದು ಪ್ರಾಣಕ್ಕೆ ಅಪಾಯ. ಗಾಳಿ ಸಾಲದ ಕಡೆ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಂತಿ ಬಂದಂತಾಗಿ ಎದ್ದು ಹೊರಗೆ ಹೋಗುವಷ್ಟರಲ್ಲಿ ಕೈಕಾಲು ಸೋತಿರುತ್ತದೆ. ಬಿಸಿನೀರನ್ನು ಮೊದಲೇ ಹಿಡಿದಿಟ್ಟು, ಗೀಸರ್ ಆರಿಸಿ ಸ್ನಾನ ಮಾಡಿ.

ಡಿಸೆಂಬರಿನ ಹೊತ್ತಿಗೆ ನಮ್ಮ ಪದವುಗಳ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು, ಹೊಸವರ್ಷದ ರಾತ್ರಿಯ ಒಂದು ರಾಕೆಟ್ ಸಾಕು, ಗುಡ್ಡೆಯ ಬೆಂಕಿ ಗಾಳಿಯ ಜೊತೆ ಗೇರುತೋಟಕ್ಕೆ, ಅಲ್ಲಿಂದ ಹಟ್ಟಿಗೆ ಇಳಿಯುತ್ತದೆ. ಮನೆಯ ಸುತ್ತ ನಾಲ್ಕೈದು ಮೀಟರ್ ಹುಲ್ಲು ಕೆತ್ತಿಡಿ. ಸೌದೆ, ತೆಂಗಿನ ಮಡಲಿನ ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ. ಅದು ಬೆಂಕಿಗೂ ಆಸರೆ, ಹಾವಿಗೂ ಆಸರೆ.

ಸುಟ್ಟ ಗಾಯಕ್ಕೆ ಹಲ್ಲಿನ ಪೇಸ್ಟು, ಶಾಯಿ, ಬೆಣ್ಣೆ ಹಚ್ಚಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ.

ಬೆಡಿ ನೋಡುವಾಗ

2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ ಕಳಿಯಾಟದ ಹೊತ್ತಿಗೆ ಸಂಗ್ರಹಿಸಿಟ್ಟ ಸಿಡಿಮದ್ದಿಗೆ ಬೆಂಕಿ ತಗಲಿತು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಅವರಲ್ಲಿ ಕೆಲವರು ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ತೀರಿಕೊಂಡರು. ಸಿಡಿಮದ್ದು ಇಟ್ಟ ಜಾಗದ ಪಕ್ಕದಲ್ಲೇ ಜನ ಸೇರಿದ್ದರು ಎಂಬುದು ಅಲ್ಲಿಂದ ಕಲಿಯಬೇಕಾದ ಮುಖ್ಯ ಪಾಠ.

ಜನವರಿಯಲ್ಲಿ ಕುಂಬಳೆ ಆಯನ, ಕುಂಬಳೆ ಬೆಡಿ. ಸುತ್ತಲಿನ ಊರುಗಳಿಂದ ಮಕ್ಕಳು ಮರಿಗಳೊಂದಿಗೆ ಜನ ಸೇರುತ್ತಾರೆ. ಕುಂಬಳೆಯಾಗಲಿ ಬೇರೆ ಜಾತ್ರೆಯಾಗಲಿ, ನಿಲ್ಲುವ ಜಾಗ ಆಯ್ಕೆ ಮಾಡುವಾಗ ಮೂರು ಸಂಗತಿ ನೋಡಿ. ಮದ್ದು ಇಟ್ಟ ಶೆಡ್ಡು ಎಲ್ಲಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಜನ ಒಮ್ಮೆಲೇ ಓಡಿದರೆ ನಮಗೆ ಯಾವ ದಾರಿ. ಬೆಡಿ ದೂರದಿಂದಲೂ ಚೆನ್ನಾಗಿಯೇ ಕಾಣುತ್ತದೆ. ಸಣ್ಣ ಮಕ್ಕಳ ಕಿಸೆಯಲ್ಲಿ ಮನೆಯವರ ಫೋನು ಸಂಖ್ಯೆ ಬರೆದ ಚೀಟಿ ಇರಲಿ.

ಹೊಸ ಹೆದ್ದಾರಿ, ಹಳೆಯ ಅಭ್ಯಾಸ

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥ ಮಂಗಲ್ಪಾಡಿಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಹಿಂದೆ ಬಂದ್ಯೋಡಿನಲ್ಲೋ ನಯಾಬಜಾರಿನಲ್ಲೋ ರಸ್ತೆ ದಾಟಬೇಕಾದರೆ ಎರಡೂ ಕಡೆ ನೋಡಿ ದಾಟಿದರಾಯಿತು. ಈಗ ಹಾಗಲ್ಲ. ವಾಹನದ ವೇಗ ಬದಲಾಗಿದೆ, ಆದರೆ ನಮ್ಮ ಕಣ್ಣಿನ ಅಂದಾಜು ಹಳೆಯದೇ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ದೂರದಲ್ಲಿದೆ ಎಂದು ಕಂಡದ್ದು ನಾಲ್ಕೈದು ಸೆಕೆಂಡಿನಲ್ಲಿ ಮೈಮೇಲೆ ಬಂದಿರುತ್ತದೆ. ಎಷ್ಟು ಸುತ್ತಾದರೂ ಅಡಿಸೇತುವೆಯಲ್ಲೇ ಅಥವಾ ಕಾಲ್ಸೇತುವೆಯಲ್ಲೇ ದಾಟಿ.

ಸರ್ವೀಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬೈಕು ಬರುವುದು ಇನ್ನೊಂದು ಅಪಾಯ. ಸುತ್ತು ಬಳಸಿ ಹೋಗಲು ಮನಸ್ಸಿಲ್ಲದೆ ತಪ್ಪು ದಿಕ್ಕಿನಲ್ಲಿ ಬರುವವರಿಗೆ ಹಗಲಿನಲ್ಲಿ ಅದು ಅಭ್ಯಾಸವಾಗುತ್ತದೆ, ರಾತ್ರಿ ಅದೇ ಪ್ರಾಣಾಂತಕ. ಮುಖ್ಯ ಹೆದ್ದಾರಿಯಲ್ಲಿ ವಾಹನ ಕೆಟ್ಟು ನಿಂತರೆ ಸಾಧ್ಯವಾದಷ್ಟು ಎಡಕ್ಕೆ ತಂದು, ಎರಡೂ ಇಂಡಿಕೇಟರ್ ಹಾಕಿ, ಹಿಂದೆ ದೂರದಲ್ಲಿ ತ್ರಿಕೋನ ಫಲಕ ಇಟ್ಟು, ಮನೆಮಂದಿಯನ್ನೆಲ್ಲ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ. ಕಾರಿನೊಳಗೆ ಕೂತು ಕಾಯಬೇಡಿ. ಹೆದ್ದಾರಿಯ ಸಹಾಯವಾಣಿ 1033.

ಬಸ್ಸು ಕಾಯುವವರೂ ರಸ್ತೆಯ ಅಂಚಿನಿಂದ ಹಿಂದೆ ನಿಲ್ಲಬೇಕು. 2025ರ ಆಗಸ್ಟ್ 28ರಂದು ತಲಪಾಡಿಯಲ್ಲಿ ಹತೋಟಿ ತಪ್ಪಿದ ಬಸ್ಸು ಆಟೋರಿಕ್ಷಾಕ್ಕೂ ಬಸ್ಸಿಗೆ ಕಾಯುತ್ತಿದ್ದವರಿಗೂ ಬಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಅವರೆಲ್ಲ ನಮ್ಮ ಹಾಗೆಯೇ ದಿನನಿತ್ಯ ಗಡಿ ದಾಟುವ ದಾರಿಯಲ್ಲಿದ್ದವರು.

ಘಟ್ಟದ ಇಳಿಜಾರು, ರಾತ್ರಿಯ ನಿದ್ದೆ

2021ರ ಜನವರಿ 3ರಂದು ಈಶ್ವರಮಂಗಲದ ಕಡೆಯಿಂದ ಕರಿಕೆಗೆ ಹೊರಟ ಮದುವೆ ದಿಬ್ಬಣದ ಬಸ್ಸು ಪಾಣತ್ತೂರಿನ ಬಳಿ ಕಡಿದಾದ ಇಳಿಜಾರಿನಲ್ಲಿ ಹತೋಟಿ ತಪ್ಪಿ ಮನೆಯೊಂದರ ಮೇಲೆ ಬಿತ್ತು. ಏಳು ಮಂದಿ ತೀರಿಕೊಂಡರು. ಕರ್ನಾಟಕದಿಂದ ಹೊರಟು, ಕೇರಳದ ನೆಲ ಹಾದು, ಮತ್ತೆ ಕರ್ನಾಟಕಕ್ಕೆ ಹೋಗುವ ದಾರಿ ಅದು. ನಮ್ಮ ನೆಂಟಸ್ತಿಕೆಗಳೆಲ್ಲ ಇಂಥ ದಾರಿಗಳಲ್ಲೇ ಇವೆ.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ತುಳಿದರೂ ಪ್ರಯೋಜನವಿಲ್ಲ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಲೆಕ್ಕ. ಆಗ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಪೆಟ್ರೋಲು ಉಳಿಸಲು ನ್ಯೂಟ್ರಲಿನಲ್ಲಿ ಇಳಿಸುವುದು ಬೇಡವೇ ಬೇಡ. ನಂದಾರಪದವಿನಿಂದ ಶುರುವಾಗುವ ಮಲೆನಾಡ ಹೆದ್ದಾರಿಗೂ ಸಂಪಾಜೆ, ಚಾರ್ಮಾಡಿ, ರಾಣಿಪುರದ ದಾರಿಗಳಿಗೂ ಇದೇ ನಿಯಮ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಲೋಬೀಮಿನಲ್ಲೇ ನಿಧಾನ ಹೋಗಿ.

ಆಟ ನೋಡಿ ಬರುವವರು, ಶಬರಿಮಲೆಯಿಂದ ಮರಳುವವರು, ವಿಮಾನ ನಿಲ್ದಾಣಕ್ಕೆ ಹೋಗಿಬರುವವರು ಮುಂಜಾನೆ 2ರಿಂದ 5ರ ಹೊತ್ತನ್ನು ನೆನಪಿಡಿ. ದೇಹ ನಿದ್ದೆ ಬೇಡುವ ಹೊತ್ತು ಅದು. ಎರಡು ಸೆಕೆಂಡು ಕಣ್ಣು ಮುಚ್ಚಿದರೆ 80ರ ವೇಗದಲ್ಲಿ 44 ಮೀಟರ್ ದೂರವನ್ನು ಯಾರೂ ಓಡಿಸದ ವಾಹನ ಸಾಗುತ್ತದೆ. ಕಿಟಕಿ ತೆರೆಯುವುದು, ಹಾಡು ಹಾಕುವುದು ನಿದ್ದೆಗೆ ಮದ್ದಲ್ಲ. ಬೆಳಕಿರುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೇ ಮದ್ದು. ಬಾಡಿಗೆ ಕಾರಿನ ಚಾಲಕರಿಗೂ ರಾತ್ರಿ ಊಟ, ಮಲಗಲು ಜಾಗ ಕೊಡುವುದು ನಮ್ಮ ಜವಾಬ್ದಾರಿ.

ಮಕ್ಕಳ ಕೈಗೆ ಕೀಲಿ

ರಜೆಯಲ್ಲಿ "ಅಂಗಡಿಗೆ ಹೋಗಿ ಹಾಲು ತಾ" ಎಂದು ಹೈಸ್ಕೂಲು ಮಕ್ಕಳ ಕೈಗೆ ಸ್ಕೂಟರಿನ ಕೀಲಿ ಕೊಡುವ ಮನೆಗಳಿವೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯಲ್ಲಿ ಇದರ ಹೊಣೆ ಹೆತ್ತವರ ಮೇಲೆ, ವಾಹನದ ಮಾಲಕರ ಮೇಲೆ ಬರುತ್ತದೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು. ದಂಡಕ್ಕಿಂತ ದೊಡ್ಡ ನಷ್ಟ ಯಾವುದೆಂದು ಹೇಳಬೇಕಾಗಿಲ್ಲ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಅಪ್ಪನಿಗೆ ಹೆಲ್ಮೆಟ್, ಹಿಂದೆ ಕೂತ ಅಮ್ಮನಿಗೂ ನಡುವಿನ ಮಗುವಿಗೂ ಇಲ್ಲ ಎಂಬ ನೋಟ ಇನ್ನು ಸಾಕು. ಕಾರಿನ ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ.

ಹಳಿಯ ಮೇಲೆ, ನೀರಿನ ಬಳಿ

ಉಪ್ಪಳದಲ್ಲಿ ಪೇಟೆಗೂ ಕಡಲಿಗೂ ನಡುವೆ ರೈಲುಹಳಿ. ಹಳಿ ದಾಟುವುದು ನಮಗೆ ತೋಡು ದಾಟಿದ ಹಾಗೆ ಆಗಿಬಿಟ್ಟಿದೆ. 2024ರಿಂದ ವಂದೇ ಭಾರತ್ ಮಂಗಳೂರಿನವರೆಗೂ ಓಡುತ್ತಿದೆ. ಅದು ಉಪ್ಪಳದಲ್ಲಿ ನಿಲ್ಲುವುದಿಲ್ಲ. ವಿದ್ಯುತ್ ರೈಲಿನ ಸದ್ದು ಹಳೆಯ ಡೀಸೆಲ್ ಗಾಡಿಯಷ್ಟು ಮುಂಚಿತವಾಗಿ ಕೇಳಿಸುವುದೂ ಇಲ್ಲ, ಕಿವಿಯಲ್ಲಿ ಇಯರ್‌ಫೋನ್ ಇದ್ದವರಿಗೆ ಕೇಳಿಸುವುದೇ ಇಲ್ಲ. ಒಂದು ರೈಲು ಹೋದ ಕೂಡಲೇ ಹೆಜ್ಜೆ ಇಡಬೇಡಿ, ಅದರ ಮರೆಯಲ್ಲಿ ಇನ್ನೊಂದು ಹಳಿಯಲ್ಲಿ ಎದುರಿನಿಂದ ಗಾಡಿ ಬರುತ್ತಿರಬಹುದು. ರೈಲ್ವೆಯ ಸಹಾಯವಾಣಿ 139.

ಚಳಿಗಾಲದ ಕಡಲು ಶಾಂತವಾಗಿ ಕಾಣುತ್ತದೆ, ಅದೇ ಮೋಸ. ಮೂಸೋಡಿಯಾಗಲಿ ಶಿರಿಯವಾಗಲಿ, ಹೊಳೆ ಕಡಲಿಗೆ ಸೇರುವ ಅಳಿವೆಬಾಗಿಲಿನಲ್ಲಿ ಇಳಿತದ ಹೊತ್ತಿಗೆ ನೀರು ಹೊರಗೆ ಎಳೆಯುತ್ತದೆ. ಮಳೆ ಗಾಳಿ ಇಲ್ಲದ ದಿನವೂ ದೂರದ ಸಾಗರದಲ್ಲೆದ್ದ ಅಲೆಗಳು ಬಂದು ದಡಕ್ಕೆ ಬಡಿಯುವುದುಂಟು, ಮಲಯಾಳದಲ್ಲಿ ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಊರಿನ ಮೀನುಗಾರರು ಬೇಡ ಎಂದ ಕಡೆ ಇಳಿಯಬೇಡಿ, ಅವರಿಗಿಂತ ಚೆನ್ನಾಗಿ ಆ ನೀರನ್ನು ಬಲ್ಲವರಿಲ್ಲ.

ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮಳೆಗಾಲದ ನೀರು ಡಿಸೆಂಬರಿನಲ್ಲೂ ನಿಂತಿರುತ್ತದೆ. ಇದರ ಬದಿ ನೇರ ಗೋಡೆಯ ಹಾಗೆ. ಇಳಿದವರಿಗೆ ಹತ್ತಿ ಬರಲು ಹಿಡಿತವಿಲ್ಲ. ಬೇರೆ ಊರಿನಿಂದ ಬಂದ ನೆಂಟರ ಮಕ್ಕಳಿಗೆ ಇದು ತಿಳಿದಿರುವುದಿಲ್ಲ, ಬಂದ ದಿನವೇ ತೋರಿಸಿ ಹೇಳಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಮಡಲು, ಖಾಲಿ ಕ್ಯಾನು ಯಾವುದಾದರೂ ಎಸೆಯಿರಿ. ಮೇಲೆ ತಂದವರ ಹೊಟ್ಟೆ ಒತ್ತಿ ನೀರು ತೆಗೆಯಲು ಹೊತ್ತು ಕಳೆಯಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಷ್ಟು ಸಲ ಒತ್ತುತ್ತಾ ಇರಿ, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ.

ಆಸ್ಪತ್ರೆ ಯಾವ ಕಡೆ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿಗೆ ತಲುಪಲಾಗದೆ ನಮ್ಮ ಕಡೆಯ ಕೆಲವು ರೋಗಿಗಳು ಪ್ರಾಣ ಬಿಟ್ಟರು. ಆ ದಿನಗಳನ್ನು ಇಲ್ಲಿ ನೆನೆಯುವುದು ದೂರುವುದಕ್ಕಲ್ಲ. ಉಪ್ಪಳದಿಂದ ಮಂಗಳೂರು ಸುಮಾರು 30 ಕಿ.ಮೀ., ದಾರಿ ತೆರೆದೇ ಇದ್ದರೂ ರಜೆಯ ಸಂಜೆ ಆ ದಾರಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ರಕ್ತ ಸುರಿಯುತ್ತಿರುವವರನ್ನು ನೇರ ಮಂಗಳೂರಿಗೇ ಎಂದು ಹೊರಡಿಸುವ ಮುನ್ನ ಹತ್ತಿರದಲ್ಲಿ ರಕ್ತ ನಿಲ್ಲಿಸಿ, ಉಸಿರಿನ ದಾರಿ ಸರಿಮಾಡಿ ಕಳುಹಿಸುವವರು ಯಾರಿದ್ದಾರೆ ಎಂದು ನೋಡಿ. ಮಂಗಲ್ಪಾಡಿಯಲ್ಲಿ ತಾಲೂಕು ಆಸ್ಪತ್ರೆ ಇದೆ. ಕಾಯಿಲೆಯ ಹಿರಿಯರಿರುವ ಮನೆಯವರು ಔಷಧಿಯ ಚೀಟಿ, ರಕ್ತದ ಗುಂಪು, ವಿಮೆಯ ಕಾರ್ಡು ಒಂದು ಚೀಲದಲ್ಲಿ ಇಟ್ಟು, ಆ ವಿಮೆ ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಅಪಘಾತಕ್ಕೆ ಸಿಕ್ಕಿದವರನ್ನು ಎತ್ತಿದರೆ ಕೇಸು ಮೈಮೇಲೆ ಬರುತ್ತದೆ ಎಂಬ ಭಯ ಇನ್ನೂ ಇದೆ. ಮೋಟಾರು ವಾಹನ ಕಾಯಿದೆಯ 134ಎ ಕಲಮು ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದು ಕಟ್ಟದೆ ಸಿಗಬೇಕು. ಗಾಯಾಳು ಯಾವ ರಾಜ್ಯದವರು ಎಂಬ ಪ್ರಶ್ನೆ ಇದರಲ್ಲಿಲ್ಲ. ಗಡಿನಾಡಿನವರು ಇದನ್ನು ತಿಳಿದು, ಅಗತ್ಯ ಬಿದ್ದಾಗ ಆಸ್ಪತ್ರೆಯಲ್ಲಿ ಧೈರ್ಯವಾಗಿ ಕೇಳಬೇಕು.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ಮಳೆ, ಕಡಲು, ಗಾಳಿಯ ಎಚ್ಚರಿಕೆಗಳು ಮಲಯಾಳದಲ್ಲಿ ಬಂದಾಗ ಕನ್ನಡ ಮಾತ್ರ ಓದಬಲ್ಲ ಹಿರಿಯರು ಅವನ್ನು ನೋಡಿಯೂ ತಿಳಿಯದೆ ಉಳಿಯುತ್ತಾರೆ. ಎರಡೂ ಭಾಷೆ ಬಲ್ಲ ನಮ್ಮ ಯುವಕ ಯುವತಿಯರು ಆ ಸಂದೇಶದ ಕೆಳಗೆ ಎರಡು ಸಾಲು ಕನ್ನಡ ಬರೆದು, ಅಥವಾ ಧ್ವನಿಯಲ್ಲಿ ಹೇಳಿ, ತಮ್ಮ ಊರಿನ ಗುಂಪಿಗೆ ಕಳುಹಿಸಲಿ. ಈ ಲೇಖನವನ್ನೂ ಫೋನು ಓದಲಾಗದವರಿಗೆ ಓದಿ ಹೇಳಿ. ಎಲ್ಲರ ರಜೆಯೂ ನೆಮ್ಮದಿಯಿಂದ ಕಳೆಯಲಿ, ಹೊಸವರ್ಷದ ಕಾರ್ಯಕ್ರಮಗಳಲ್ಲಿ ಎಲ್ಲರೂ ಮತ್ತೆ ಸೇರೋಣ.